ಮೂರನೇ ದೊಣಿ

ರದ್ದಾದ ಲಗ್ನಪತ್ರಿಕಿ ಹಿಂದ
(ವರ ಹಂಪಯ್ಯ ಇದ್ದಾಂವ ಕಂಪಯ್ಯ ಆಗ್ಯಾನ,
ಪ್ರೆಸ್ಸಿನ್ಯಾಗ ಇಂಥಾವು ರಾಶಿ ಬಿದ್ದಿರತಾವು)
ಪೆನ್ಸಿಲ್ ಹಿಡದು ಗುಡ್ಡಾ ಬರದೆ.
ನೋಡಿ ಅಂದಾನೆಪ್ಪ ನಕ್ಕ:
ಇದೇನ ಕಪ್ಪತಗುಡ್ಡೋ, ಒಣಗಾಕ ಹಾಕಿದ ಕೌದಿಯೋ?

ಇರಲಿ.
ಕೌದಿಗೂ ಮಡಿಕಿ ಇರತಾವು,
ಮಳಿ ಹೋದ ಮ್ಯಾಲೂ
ಮಡಿಕ್ಯಾಗ ನೀರು ನಿಂತಿರತೈತಿ.

ಒಂದನೇದು ಎಮ್ಮಿದೊಣಿ. ದನ ಇಳದೂ ಇಳದೂ
ದಂಡಿ ಸವದು ನುಣ್ಣಗಾಗೇತಿ.
ಎರಡನೇದು ಗಂಟಿದೊಣಿ. ಕಲ್ಲ ಒಗದ್ರ
ಒಳಗ ಗಂಟಿ ಬಡದಂಗ ಕೇಳತೈತಂತ.
ನಾವು ಒಗಿಯೂದಿಲ್ಲ. ಅದನ್ನೂ ಬರದೆ.
ಮೂರನೇದಕ್ಕ ಹೆಸರಿಲ್ಲ.
ಬಾದಿ ಹುಲ್ಲಿನ ಆಚಿಗೆ, ಏರಿನ ಕಡೀಕ,
ಒಂದು ಚುಕ್ಕಿ ಇಟ್ಟು ಬಿಟ್ಟೆ.

ಅಂದಾನೆಪ್ಪಗ ಗಾಳಿಗಿರಣಿ ಸಾಲಿನ ಮ್ಯಾಲೂ ಹಾಯಬೇಕು,
ಇಳಕಲಾ ಇಳದು ಆಕಡಿ ಊರೂ ನೋಡಬೇಕು,
ಸಂಜೀಕ ಹೊಳ್ಳಿ ಬಂದು ಗಿರಮಿಟ್ಟೂ ತಿನ್ನಬೇಕು.
ಹಜರತಬಿ ಸುಮ್ನ ಕುಂತಿದ್ಲು.
ಇಪ್ಪತ್ತೆರಡು ವರ್ಷ ಚಕ್ಕಳಮಕ್ಕಳ ಹಾಕಿ
ಪುಸ್ತಕದ ಬೆನ್ನು ಹೊಲದಾಕಿ.
ಊರ ಮಂದಿ ಪುಸ್ತಕೆಲ್ಲಾ ನೆಟ್ಟಗ ನಿಂತಾವು,
ಮಣಕಾಲೊಂದು ಈಕೀದು.
"ನನ್ನ ಬಿಟ್ಟು ಹೋಗ್ರೆವಾ."

ಬುಧವಾರ ಊಟದ ಹೊತ್ತಿನ್ಯಾಗ ಅಳತಿ ತಗೊಂಡ್ವಿ.
ಗೋದಾಮಿನ ಹದಿನೆಂಟು ಮೆಟ್ಟಲಾ
ಹತ್ತಿದ್ಲು, ಇಳದ್ಲು, ಹತ್ತಿದ್ಲು.
ಕಾಗದದ ಧೂಳಿನ್ಯಾಗ ಚಪ್ಪಲಿ ಗುರುತು ಬಿತ್ತು.
ನಾಕನೇ ಸರತಿಗೆ ಉಸರು ಬಿಟ್ಲು.
ಐದನೇ ಸರತಿಗೆ ಕಟಕಟಿ ಹಿಡದ್ಲು.
ಹಿಡದ ಕೈ ಬೆಳ್ಳಗಾಗಿದ್ದು ನಾ ನೋಡಿದೆ,
ಆಕಿನೂ ನೋಡಿದ್ದು ನೋಡಿದ್ಲು.

ಅಷ್ಟ ನಮ್ಮ ಗುಡ್ಡ.
ಸರಳ ಅಲ್ಲ, ಬಿರುಸೂ ಅಲ್ಲ,
ಐದನೇ ಸರತಿಗಿಂತ ಒಂಚೂರು ಕಡಿಮಿ.
ಗಾಳಿಗಿರಣಿ ಸುತ್ತನ್ನ
ಪತ್ರಿಕಿ ಅಂಚಿನ ಸಮೇತ ಕತ್ತರಿಸಿ ಒಗದೆ.
ಅಂದಾನೆಪ್ಪ ಮಾರಿ ಸಣ್ಣದ ಮಾಡಿದ,
ಆಮ್ಯಾಲ ತಾನ ಹೇಳಿದ, ಇಳಕಲದಾಗ ನನ್ನ ಕೋಲು ಆಕಿಗಿರಲಿ.

ಕುರಿ ಯಮನೂರಪ್ಪಗ ಫೋನ್ ಹಚ್ಚಿದೆ.
"ಒಂದನೇದರಾಗ ಮಣಕಾಲಮಟ ಐತ್ರಿ.
ಎರಡನೇದು ತುಂಬೇತಿ, ಹಸರಗಟ್ಟೇತಿ, ಮುಟ್ಟಬ್ಯಾಡ್ರಿ.
ಮೂರನೇದು... ಹ್ವಾದ ವರ್ಷ ಇತ್ತು ನೋಡ್ರಿ."
ನೀರು ಇತ್ತೋ, ದೊಣೀನ ಇತ್ತೋ?
ಕೇಳೂದ್ರಾಗ ಗಾಳಿ, ಗಾಳ್ಯಾಗ ಒಂದು ಕುರಿ,
ಲೈನ್ ಕಟ್ಟಾತು.

ಅರಣ್ಯದವರ ಚೀಟಿ, ಶುಕ್ರವಾರದೊಳಗ.
ಬಸ್ಸು ಆರಕ್ಕ. ಎಮ್ಮಿದೊಣಿ ದಂಡ್ಯಾಗ ನಾಷ್ಟಾ,
ಕಟಿರೊಟ್ಟಿ, ಶೇಂಗಾಚಟ್ನಿ, ಹಸಿ ಉಳ್ಳಾಗಡ್ಡಿ.
ನೀರು, ಒಬ್ಬೊಬ್ಬರಿಗೆ ಎರಡು ಬಾಟ್ಲಿ.
ನೀರು ನೋಡಾಕ ಹೊಂಟವರು
ನೀರು ಹೊತಗೊಂಡು ಹೋಗೂದು!
ಹನ್ನೊಂದೂವರಿಗೆ ಗಂಟಿದೊಣಿ.
ಅಲ್ಲಿಂದ ಮುಂದ ಹಜರತಬಿ ಹೇಳಿದಂಗ.
ಎರಡಕ್ಕ, ಏನ ಕಂಡಿರಲಿ ಕಾಣದಿರಲಿ, ಹೊಳ್ಳೂದು.

ರಾತ್ರಿ ಆಕೀದೇ ಫೋನು.
"ಮೂರನೇದಕ್ಕ ಕಾಟ್ ಹಾಕೀಯೇನವಾ?"
ಇಲ್ಲ, ಚುಕ್ಕಿ ಐತಿ.
"ಐತಿ?"
ಐತಿ.
"ಹಂಗಾರ ಬೂಟು ಹುಡುಕತೇನಿ. ನಮ್ಮ ಹುಡುಗಂದು,
ಕಾಲಚೀಲ ಎರಡು ಹಾಕಿದ್ರ ಬರತಾವು."

ಪತ್ರಿಕಿ ಮಡಿಚಿದೆ. ಗುಡ್ಡ ಒಳಗಾತು,
ಮ್ಯಾಲ ಅರಿಷಿಣ ಅಂಚು, ಗಣಪತಿ, ಚಿರಂಜೀವಿ ಕಂಪಯ್ಯ.
ಅಂಥಾ ಹೆಸರಿನಾಂವ ಯಾರೂ ಇಲ್ಲ.
ಆದ್ರೂ ಅವಗ ಮುಹೂರ್ತ ಐತಿ, ವಾರ ಐತಿ,
ಸರ್ವರೂ ಬರ್ರಿ ಅಂತ ಕರಿಯೂದೈತಿ.

ಚೀಲದಾಗ ಇಟ್ಟೆ, ಉಳ್ಳಾಗಡ್ಡಿ ಬಾಜೂಕ.
ಗಡಿಯಾರಕ್ಕ ನಾಕೂವರಿ ಕೊಟ್ಟೆ.